ನೀರಿಗಿಳಿಯುವ ಚೀಟಿ

ಬಾಗಿಲ ಮೇಲಿನ ಬೋರ್ಡು ಓದಿದ ಕೂಡಲೇ ನೆಲಿದಾಳ ಎಡಗೈ ತಾನಾಗಿ ಪಕ್ಕೆಗೆ ಅಂಟಿಕೊಂಡಿತು. ‘ವೈದ್ಯರ ತಪಾಸಣೆಯಾಗದೆ ಯಾರೂ ಕೊಳಕ್ಕೆ ಇಳಿಯಕೂಡದು.’ ಇದರಲ್ಲಿ ಹೊಸದೇನೂ ಇಲ್ಲ. ಈ ದೇಶದಲ್ಲಿ ಕ್ಲಬ್ಬಿನ ಈಜುಕೊಳವಿರಲಿ, ಕಾರ್ಮಿಕ ಸಂಘದ್ದಿರಲಿ, ಡಾಕ್ಟರು ಕಾಲ್ಬೆರಳ ಸಂದಿ ಬಿಡಿಸಿ ನೋಡಿ, ಕೂದಲು ಕೆದಕಿ ಹೇನು ಹುಡುಕಿ, ಎರಡೂ ಕೈ ಮೇಲೆತ್ತಿಸಿ ಕಂಕುಳು ನೋಡಿ ಚೀಟಿಗೆ ಠಸ್ಸೆ ಒತ್ತಿದ ಮೇಲೆಯೇ ನೀರು. ಆರು ವರ್ಷದವಳಿದ್ದಾಗಿನಿಂದ ಎಷ್ಟು ಸಲ ಹಾಗೆ ಕೈ ಎತ್ತಿದ್ದಾಳೋ. ಅರವತ್ತನಾಲ್ಕು ವರ್ಷದ ಹೆಂಗಸು, ತನ್ನೂರು ರಫಾಯೆಲಾದಿಂದ ಬಿಸಿನೀರ ಬುಗ್ಗೆಗಳ ಊರಾದ ರಿಯೊ ಓಂದೊವರೆಗೆ ಅಷ್ಟು ಹೊತ್ತು ಬಸ್ಸಿನಲ್ಲಿ ಕೂತು ಬಂದವಳು, ಇಡೀ ದಾರಿಯಲ್ಲಿ ಇದೊಂದು ಹೇಗೆ ನೆನಪಾಗಲಿಲ್ಲ? ನೆನಪಾಗಿರಲಿಲ್ಲವೋ, ನೆನಪಾಗದಂತೆ ಒಳಗೊಳಗೇ ಯಾರೋ ಬಾಗಿಲು ಹಾಕಿಕೊಂಡು ಕೂತಿದ್ದರೋ. ಬಸ್ಸಿನಲ್ಲಿ ನಿವೃತ್ತರ ಸಂಘದವರೆಲ್ಲ ಸೋರೆಬುರುಡೆಯ ಕಹಿ ಚಹಾ ಕೈಯಿಂದ ಕೈಗೆ ದಾಟಿಸುತ್ತ, ಒಂಬತ್ತು ಸ್ನಾನ ಮಾಡಿದರೆ ಮಂಡಿ ಹೊಸದಾಗುತ್ತದೆ, ಹನ್ನೊಂದು ಮಾಡಿದರೆ ಸೊಂಟ ಹೊಸದಾಗುತ್ತದೆ ಎಂದು ಹರಟಿದ್ದರು. ಗಂಟು ಕರಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಅವಳೇ ಸೇರಿಸಿಕೊಂಡಿದ್ದಳು. ಎಡಗಂಕುಳಲ್ಲಿ, ನೆನೆಹಾಕದ ಕಡಲೆಕಾಳಿನಷ್ಟು. ನೆನೆಹಾಕಿದರೆ ಕಾಳು ಮೆತ್ತಗಾಗುತ್ತದಲ್ಲ, ಹಾಗೆ. ನೆನೆದ ಕಾಳು ಊದಿ ದೊಡ್ಡದೂ ಆಗುತ್ತದೆ ಎನ್ನುವುದು ಆ ಬೋರ್ಡಿನ ಕೆಳಗೆ ನಿಂತಾಗಲೇ ಅವಳಿಗೆ ಹೊಳೆದದ್ದು.

ಸಾಲು ಗೋಡೆಗುಂಟ ಸಾಗಿ ಮೆಟ್ಟಿಲಿನವರೆಗೆ ಬಂದಿತ್ತು. ಎಲ್ಲರೂ ಹೋಟೆಲಿನವರು ಕೊಟ್ಟ ಬಿಳಿ ನಿಲುವಂಗಿ ತೊಟ್ಟು, ರಬ್ಬರ್ ಚಪ್ಪಲಿ ಮೆಟ್ಟಿ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ನಿಂತಿದ್ದರು. ಯಾರು ಯಾರೆಂದು ಗೊತ್ತಾಗುವ ಹಾಗಿರಲಿಲ್ಲ. ಬೆಳಗಿನ ಎಂಟೂವರೆಗೇ ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಉಪ್ಪು, ತುಕ್ಕು, ಬೇಯಿಸಿದ ಮೊಟ್ಟೆ, ಎಲ್ಲ ಸೇರಿದಂಥ ವಾಸನೆ.

"ಏನೇ ಹೀಗೆ ಕಂಬದ ಥರ ನಿಂತ್ಬಿಟ್ಟೆ? ನಡಿ, ನೀರು ತಣ್ಣಗಾಗತ್ತೆ," ಎಂದು ತಂಗಿ ದೆಲ್ಫೀನಾ ಬೆನ್ನಿಗೆ ಬೆರಳಿಂದ ಚುಚ್ಚಿದಳು.

"ನೆಲದೊಳಗಿಂದ ಬರೋ ನೀರು ತಣ್ಣಗಾಗತ್ತಾ?"

"ನೀನು ಹೆಜ್ಜೆ ಎತ್ತಿಡೋ ಹೊತ್ತಿಗೆ ಭೂಮಿನೇ ತಣ್ಣಗಾಗತ್ತೆ ಕಣೇ ನೆಲೀ."

ಹಿಂದಿದ್ದವರು ನಕ್ಕರು. ದೆಲ್ಫೀನಾ ಎಲ್ಲಿ ನಿಂತರೂ ಸುತ್ತ ನಾಲ್ಕು ಜನ ನಗುತ್ತಿರಬೇಕು. ಗಂಡ ಸತ್ತ ಮೇಲೂ ಬೇಕರಿಯ ಗಲ್ಲಾಪೆಟ್ಟಿಗೆ ಹಿಂದೆ ಇಪ್ಪತ್ತು ವರ್ಷ ಹಾಗೆಯೇ ನಿಂತಿದ್ದವಳು. ಅಕ್ಕನಿಗಿಂತ ಒಂದೇ ವರ್ಷ ಚಿಕ್ಕವಳು. ಅದೇ ಗಿಡ್ಡ ಕುತ್ತಿಗೆ, ಅದೇ ಗುಳಿಬಿದ್ದ ಗದ್ದ, ಕೂದಲಿಗೂ ಒಂದೇ ಡಬ್ಬಿಯ ಕೆಂಪು ಬಣ್ಣ. ಊರಿನ ಪಾದ್ರಿ ಇವತ್ತಿಗೂ ಇವಳನ್ನು ಅವಳೆಂದು ಮಾತಾಡಿಸಿ ನಾಲಿಗೆ ಕಚ್ಚಿಕೊಳ್ಳುತ್ತಾನೆ.

ನೆಲಿದಾ ಅವಳನ್ನು ಪಕ್ಕಕ್ಕೆ ಎಳೆದು, ಏನು ಹೇಳಬೇಕೆಂದು ಯೋಚಿಸುವ ಮೊದಲೇ ಹೇಳಿಬಿಟ್ಟಿದ್ದಳು: "ನನ್ನ ಕಾಲ್ಬೆರಳಿಗೆ ಫಂಗಸ್ ಆಗಿದೆ ಕಣೆ. ಬಿಡಲ್ಲ ಅವ್ರು. ಎಲ್ಲರ ಮುಂದೆ ವಾಪಸ್ ಕಳಿಸ್ತಾರೆ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಚಪ್ಪಲಿಯೊಳಗೆ ಬೆರಳುಗಳು ನಿಜವಾಗಿಯೂ ತುರಿಸಿದವು. ದೆಲ್ಫೀನಾ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಿನ್ನ ಚೀಟಿ ಇಲ್ಲಿ ಕೊಡು. ಮೊದ್ಲು ನನ್ನ ಹೆಸರಲ್ಲಿ ಹೋಗ್ತೀನಿ. ಹತ್ತು ಗಂಟೆಗೆ ಡಾಕ್ಟ್ರು ಬದಲಾಗ್ತಾರಂತೆ, ಆಗ ನಿನ್ನ ಹೆಸರಲ್ಲಿ ಇನ್ನೊಂದ್ಸಲ ಹೋಗ್ತೀನಿ. ಚೀಟೀಲಿ ಫೋಟೋನೂ ಇಲ್ಲ, ಮಣ್ಣೂ ಇಲ್ಲ. ನನ್ನ ಕಾಲು ಇಬ್ರಿಗೂ ಸಾಕು." ನೆಲಿದಾ ಬೇಡ ಎನ್ನಲಿಲ್ಲ. ಬೇಡ ಎನ್ನುವ ಮುಖ ಮಾಡಿ ಚೀಟಿ ಕೊಟ್ಟಳು. ತಂಗಿ ಹೀಗೆಯೇ ಹೇಳುತ್ತಾಳೆಂದು ತನಗೆ ಗೊತ್ತಿತ್ತೇ, ಅದಕ್ಕೇ ಕಾಲಿನ ಸುಳ್ಳನ್ನು ಆರಿಸಿಕೊಂಡೆನೇ ಎಂದು ಆಮೇಲೆ ಬೆಂಚಿನ ಮೇಲೆ ಕೂತು ಕೇಳಿಕೊಂಡಳು. ಉತ್ತರ ಬೇಡವಾಗಿತ್ತು. ಗಾಜಿನಾಚೆ ಜುಲೈ ತಿಂಗಳ ಚಳಿಗಾಲದ ಬಿಸಿಲಿನಲ್ಲಿ ಒಬ್ಬಳು ಕೆಂಡದ ಮೇಲೆ ರೊಟ್ಟಿ ಸುಡುತ್ತಿದ್ದಳು. ಬೂದಿ ಹಾರಿ ಅವಳ ರೆಪ್ಪೆಯ ಮೇಲೆ ಕೂತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ತೋಳೆತ್ತಿ ಯಾರನ್ನೋ ಕೂಗಿದಳು. ಎಷ್ಟು ಸುಲಭವಾಗಿ ಎತ್ತಿದಳು! ನೆಲಿದಾ ಆ ತೋಳನ್ನೇ ನೋಡಿದಳು. ಅಮ್ಮನೂ ತೋಳೆತ್ತುವುದು ಬಿಟ್ಟು, ಬಟ್ಟೆ ಒಣಹಾಕುವುದನ್ನು ಒಂದು ದಿನ ನಿಲ್ಲಿಸಿದ್ದಳು. ಹಗ್ಗ ಎತ್ತರವಾಯಿತು ಅಂದಳು. ಹಗ್ಗ ಇದ್ದಲ್ಲೇ ಇತ್ತು. ಹೊಸ ಕುಪ್ಪಸಕ್ಕೆ ಅಳತೆ ತೆಗೆಯುವಾಗ ನೆಲಿದಾ ಟೇಪನ್ನು ತೋಳಡಿಯಿಂದ ಸುತ್ತಿ ಎಳೆದಳು. ಟೇಪು ಏನನ್ನೋ ಹತ್ತಿ ಇಳಿಯಿತು. ಅಮ್ಮ ಕನ್ನಡಿಯಲ್ಲಿ ಮಗಳ ಮುಖ ನೋಡಿ, "ಅಲ್ಲಿ ಸ್ವಲ್ಪ ಸಡಿಲ ಬಿಟ್ಟು ಹೊಲಿ. ದೆಲ್ಫಿಗೆ ಹೇಳ್ಬೇಡ, ಅವಳು ತಡ್ಕೊಳಲ್ಲ," ಅಂದಳು. ನೆಲಿದಾ ಸಡಿಲ ಬಿಟ್ಟು ಹೊಲಿದಳು. ಬೇಸಗೆಯಲ್ಲೊಂದು, ಈಸ್ಟರಿಗೊಂದು. ಪ್ರತಿ ಸಲವೂ ಎಡಗಡೆ ಇನ್ನಷ್ಟು ಸಡಿಲ. ಮಣ್ಣು ಮಾಡುವಾಗ ದೆಲ್ಫೀನಾ ಎದೆ ಬಡಿದುಕೊಂಡು "ನಮಗ್ಯಾರಿಗೂ ಗೊತ್ತೇ ಆಗ್ಲಿಲ್ವಲ್ಲ," ಎಂದು ಅತ್ತಳು. ನೆಲಿದಾ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ್ದಳು. ಆ ತಲೆಯಾಡಿಸಿದ್ದಿದೆಯಲ್ಲ, ಮೂವತ್ತೊಂದು ವರ್ಷವಾಯಿತು, ಕತ್ತಿನ ಹಿಂದೆ ಈಗಲೂ ನೋಯುತ್ತದೆ.

"ಫೇಲ್ ಮಾಡ್ಬಿಟ್ಟ ಕಣೇ ನಿನ್ನ!"

ಹತ್ತು ಗಂಟೆ ದಾಟಿತ್ತು, ದೆಲ್ಫೀನಾ ಎದುರು ನಿಂತಿದ್ದಳು. ಮುಖ ಕೆಂಪಗಿತ್ತು. ಕೈಯಲ್ಲಿ ಎರಡು ಚೀಟಿ. ಒಂದಕ್ಕೆ ನೀಲಿ ಠಸ್ಸೆ. ಇನ್ನೊಂದಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಅಡ್ಡಗೆರೆ ಎಳೆದು, ಕೆಳಗೆ ಒತ್ತೊತ್ತಾಗಿ ಬರೆದಿತ್ತು: ನೀರಿಗೆ ಇಳಿಯುವಂತಿಲ್ಲ. ಇಂದೇ ಹೃದಯ ತಪಾಸಣೆ.

"ಚಿಗುರು ಮೀಸೆಯವ್ನು. ಕಾಲಿನ ಕಡೆ ನೋಡ್ಲೂ ಇಲ್ಲ ಅಂತೀನಿ. ಮಣಿಕಟ್ಟು ಹಿಡ್ಕೊಂಡು ಧ್ಯಾನಕ್ಕೆ ಕೂತ್ಬಿಟ್ಟ. ಆಮೇಲೆ ಆ ತಣ್ಣನೆ ಬಿಲ್ಲೆನ ಎದೆಗೆ ಒತ್ತಿ, ‘ಸೆನ್ಯೋರಾ ನೆಲಿದಾ, ನಿಮ್ಮ ಎದೆ ಓಡ್ತಾ ಓಡ್ತಾ ಮಧ್ಯೆ ನಿಂತುಬಿಡ್ತಿದೆ, ಬಿಸಿನೀರಿಗೆ ಇಳಿದ್ರೆ ಮೇಲೆ ಬರೋ ಖಾತ್ರಿಯಿಲ್ಲ’ ಅಂದ. ನಿನಗೆ ಹೇಳಿದ್ದು, ಕೇಳಿಸ್ಕೋ."

"ಅದು ನಿನ್ನ ಎದೆ, ದೆಲ್ಫಿ."

"ಯಾಕೆ ನಂದು? ನೆಲಿದಾ ಅಂತ ಬರ್ದಿದೆ ನೋಡು."

"ಹುಡುಗಾಟ ಆಡ್ಬೇಡ್ವೇ."

"ಅಲ್ಲ ಕಣೇ, ಸುಳ್ಳು ಹೆಸರು ಹೇಳ್ಕೊಂಡು ಕೂತಿದ್ದೀನಿ, ಎದೆ ಹೊಡ್ಕೊಳ್ದೆ ಇರತ್ತಾ? ಮೆಟ್ಟಿಲು ಬೇರೆ ಓಡಿ ಹತ್ತಿದ್ದೆ. ಬೆಳಿಗ್ಗೆ ಡಾಕ್ಟ್ರಮ್ಮ ನನ್ನ ನೋಡಿ ಸರಿಯಾಗಿದ್ದೀರ ಅಂದ್ಲು."

"ಅವಳು ಎದೆ ನೋಡಿದ್ಲಾ?"

"ಕಾಲು ನೋಡಿದ್ಲು," ಎಂದಳು ದೆಲ್ಫೀನಾ. ಆಮೇಲೆ ನೀಲಿ ಠಸ್ಸೆಯ ಚೀಟಿಯನ್ನು ಗಾಳಿಯಲ್ಲಿ ಬೀಸಿದಳು. "ಹತ್ತು ತಾಸು ಬಸ್ಸಲ್ಲಿ ಕೂತು ಬಂದಿರೋದು ಗಾಜಿನಾಚೆಯಿಂದ ನೀರು ನೋಡಕ್ಕಾ? ಇಪ್ಪತ್ತೇ ನಿಮಿಷ. ಹೋಗಿ ಬಂದು ನಿನ್ನ ಜೊತೆ ಆಸ್ಪತ್ರೆಗೂ ಬರ್ತೀನಿ, ಜೈಲಿಗೂ ಬರ್ತೀನಿ." ಕೆಂಪು ಗೆರೆಯ ಚೀಟಿಯನ್ನು ಅಕ್ಕನ ಜೇಬಿಗೆ ತುರುಕಿ ಹೋಗಿಯೇಬಿಟ್ಟಳು.

ನೆಲಿದಾ ಎದ್ದಳು, ಕೂತಳು. ಕೈ ಹಿಡಿದು ಎಳೆಯಬಹುದಿತ್ತು. ಎಳೆದಿದ್ದರೆ ತಂಗಿ ಕೂಗಾಡುತ್ತಿದ್ದಳು, ಜನ ಸೇರುತ್ತಿದ್ದರು, ಡಾಕ್ಟರು ಹೊರಗೆ ಬಂದು, ಹಾಗಾದರೆ ನಿಮ್ಮ ತಪಾಸಣೆ ಆಗಿಲ್ಲ, ಬನ್ನಿ ಒಳಗೆ, ಕೈ ಎತ್ತಿ, ಅನ್ನುತ್ತಿದ್ದ. ಇಷ್ಟೂ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಬಂತು. ಮನುಷ್ಯನ ತಲೆ ಹೆದರಿದಾಗ ಎಷ್ಟು ಚುರುಕು! ತಂಗಿ ಸಾಯಬಹುದು ಎನ್ನುವುದಕ್ಕಿಂತ ಮೊದಲು ತನ್ನ ಕೈ ಎತ್ತಬೇಕಾಗುತ್ತದೆ ಎನ್ನುವುದೇ ಹೊಳೆದದ್ದು. ಅದು ಹೊಳೆದದ್ದು ಗೊತ್ತಾಗಿ ಅವಳು ಮತ್ತೆ ಎದ್ದಳು.

ಕೊಳದ ಹಜಾರದಲ್ಲಿ ಬಟ್ಟೆಯಲ್ಲಿದ್ದವರೂ ಗೋಡೆಪಕ್ಕದ ಬೆಂಚಿನ ಮೇಲೆ ಕೂರಬಹುದಿತ್ತು. ನೆಲಿದಾ ನಿಲುವಂಗಿಯ ಮೇಲೆ ಸ್ವೆಟರು ಹಾಕಿ, ಚಪ್ಪಲಿ ಬದಲು ಶೂ ಕಟ್ಟಿಕೊಂಡು ಒಳಗೆ ಹೋಗಿ ಕೂತಳು. ಹಬೆ ಎಷ್ಟಿತ್ತೆಂದರೆ ನೀರಿನಲ್ಲಿ ಬರೀ ತಲೆಗಳು ಕಾಣುತ್ತಿದ್ದವು. ಕತ್ತರಿಸಿ ತೇಲಿಬಿಟ್ಟ ಹಾಗೆ ಬಣ್ಣಬಣ್ಣದ ಟೋಪಿಯ ತಲೆಗಳು, ಬಾಯಿ ತೆರೆದು ನಗುವ ತಲೆಗಳು. ತಂಗಿಯ ನೀಲಿ ಟೋಪಿ ಯಾವುದು? ಮೂರು ನೀಲಿ ಟೋಪಿಗಳಿದ್ದವು. ಒಂದು ತಿರುಗಿತು, ಅದು ಗಂಡಸು. ಇನ್ನೊಂದು ಅಲುಗಾಡದೆ ಗೋಡೆಗೆ ಒರಗಿತ್ತು. ಅದರ ಗದ್ದ ನೀರಿಗೆ ತಾಗಿತ್ತು. ಆ ತಲೆ ಸೀನಿತು. ಅದೂ ಅವಳಲ್ಲ.

"ಯಾರನ್ನ ಹುಡುಕ್ತಿದ್ದೀರ, ತಾಯಿ?" ಕೊಳ ಕಾಯುವ ಎಪಿಫಾನಿಯಾ ಕೇಳಿದಳು. ಕತ್ತಿನಲ್ಲಿ ಸೀಟಿ, ತೋಳಿನ ಮೇಲೆ ಮಡಿಸಿದ ದುಪ್ಪಟಿಗಳು. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರನ್ನೂ ಮೇಲೆ ಹತ್ತಿಸಿ, ದುಪ್ಪಟಿ ಸುತ್ತಿ ಕೂರಿಸುವುದು ಅವಳ ಕೆಲಸ.

"ನನ್ನ ತಂಗಿ. ಎಷ್ಟು ಹೊತ್ತಾಯ್ತು ಇಳಿದು?"

"ಈಗಿನ್ನೂ ಏಳೆಂಟು ನಿಮಿಷ. ಯಾಕೆ, ಊಟಕ್ಕೆ ಹೊತ್ತಾಯ್ತಾ ನಿಮಗೆ?" ಎಂದು ನಕ್ಕು, ಪಕ್ಕದಲ್ಲಿ ಕೂತು ಕಾಲು ಚಾಚಿದಳು. "ಬಿಸಿ ಬುಗ್ಗೆ ಇರೋ ಆ ಮೂಲೆಗೆ ಮಾತ್ರ ಯಾರೂ ಹೋಗ್ಬಾರ್ದು ಅಂತ ದಿನಾ ಬಡ್ಕೋತೀನಿ. ಕೇಳ್ಬೇಕಲ್ಲ! ಹೋದ ಚಳಿಗಾಲ ಒಬ್ಬರು ತಾತ ಅಲ್ಲೇ ಒರಗಿದ್ರು. ಸುಖವಾಗಿ ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡ್ವಿ. ಸೀಟಿ ಊದ್ದೆ, ಏಳ್ಲಿಲ್ಲ. ಮುಖದ ಮೇಲೆ ನಗು ಹಾಗೇ ಇತ್ತು ನೋಡಿ." ಅವಳು ಅದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿ ಎದ್ದುಹೋದಳು.

ಆ ಮೂಲೆಯಿಂದಲೇ ದೆಲ್ಫೀನಾಳ ನಗು ಕೇಳಿಸಿತು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿದ್ದ ಸೆವೆರೀನೊ, ಹೆಂಡತಿ ಇಲ್ಲದ ಬೊಜ್ಜಿನ ಮುದುಕ, ಅವಳ ಪಕ್ಕದಲ್ಲಿದ್ದ. ನೆಲಿದಾ ಅಂಚಿನವರೆಗೆ ಹೋಗಿ ಬಗ್ಗಿದಳು. ಶೂ ಒದ್ದೆಯಾಯಿತು.

"ದೆಲ್ಫಿ, ಸಾಕು ಬಾರೇ."

"ಓಹೋ, ಪೊಲೀಸ್ ಬಂದ್ರು!" ಎಂದ ಸೆವೆರೀನೊ. "ಸೆನ್ಯೋರಾ, ನಿಮ್ಮ ತಂಗೀನ ನಾನು ಕದ್ಕೊಂಡು ಹೋಗಲ್ಲ. ಎತ್ತೋಕೇ ಆಗಲ್ಲ."

"ನಿನ್ನನ್ನ ಎತ್ತೋಕೆ ಕ್ರೇನ್ ಬೇಕು, ನನ್ನ ಮಾತಾಡ್ತಾನೆ," ಎಂದು ದೆಲ್ಫೀನಾ ಅವನ ಮುಖಕ್ಕೆ ನೀರೆರಚಿದಳು. ಎರಚಿದ ಕೈ ಅರ್ಧಕ್ಕೇ ನಿಂತು ನೀರಿಗೆ ಬಿತ್ತು. ತುಟಿಯ ಸುತ್ತ ಬಿಳಿಚಿತ್ತು, ಉಳಿದ ಮುಖವೆಲ್ಲ ಬೀಟ್‌ರೂಟಿನ ಬಣ್ಣ. "ಹೋಗೇ ನೆಲೀ, ಬಿಡು ನನ್ನ. ಒಳ್ಳೇ ಸುಖ ಆಗ್ತಿದೆ. ಕೈಕಾಲು ಇದಾವೆ ಅಂತಾನೇ ಗೊತ್ತಾಗ್ತಿಲ್ಲ."

ಗೊತ್ತಾಗುತ್ತಿಲ್ಲ ಅಂದಳು. ನೆಲಿದಾ ಹಿಂದೆ ಸರಿದಳು. ಗೋಡೆಯ ಗಡಿಯಾರದ ಗಾಜಿನೊಳಗೆ ಹಬೆ ಹೋಗಿ ಮುಳ್ಳು ಮಸುಕಾಗಿತ್ತು. ಇನ್ನು ಹತ್ತು ನಿಮಿಷವೋ ಹನ್ನೊಂದೋ. ಸೀಟಿ ಊದುತ್ತಾರೆ, ಅವಳು ಮೇಲೆ ಬರುತ್ತಾಳೆ, ದುಪ್ಪಟಿ ಸುತ್ತಿಕೊಂಡು ಬೈಯುತ್ತಾಳೆ, ಎಲ್ಲ ಸರಿಹೋಗುತ್ತದೆ. ಸುಮ್ಮನೆ ಕೂತಿದ್ದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಈ ವಾಕ್ಯವನ್ನು ಅವಳು ಮೊದಲೂ ಹೇಳಿಕೊಂಡಿದ್ದಳು. ಇದೇ ಪದಗಳಲ್ಲಿ, ಎಡಗಡೆ ಸಡಿಲ ಬಿಟ್ಟು ಹೊಲಿಯುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಗುಂಡುಸೂಜಿ ಬಾಯಲ್ಲಿದ್ದರೆ ಮಾತಾಡಬೇಕಾಗುವುದಿಲ್ಲ ಎನ್ನುವುದೇ ಆಗ ದೊಡ್ಡ ನೆಮ್ಮದಿಯಾಗಿತ್ತು.

ಅವಳು ಹಜಾರದಿಂದ ಹೊರಗೆ ಬಂದು ತಪಾಸಣೆಯ ಕೋಣೆಯ ಮುಂದೆ ನಿಂತಳು. ಅಲ್ಲಿ ಐದು ಹೆಂಗಸರ ಸಾಲಿತ್ತು. ನೆಲಿದಾ ಆ ಸಾಲಿನ ಕೊನೆಯಲ್ಲಿ ನಿಂತಳು. ತಂಗಿ ಬಿಸಿನೀರಿನಲ್ಲಿ ಸಾಯುತ್ತಿರಬಹುದು, ಇವಳು ಸಾಲಿನಲ್ಲಿ ನಿಂತಿದ್ದಾಳೆ. ಅಂಚೆ ಕಚೇರಿ, ಪಿಂಚಣಿ, ಬ್ಯಾಂಕು, ಜೀವನವಿಡೀ ನಿಂತು ನಿಂತು ಕಾಲಿಗೆ ಅಷ್ಟೇ ಗೊತ್ತು. ಒಬ್ಬಳು ಒಳಗೆ ಹೋಗಿ ಬಂದಳು. ನಾಲ್ಕು ಮಂದಿ. ತನ್ನ ಸರದಿ ಬರುವ ಹೊತ್ತಿಗೆ ಸೀಟಿ ಊದಿರುತ್ತದೆ, ಆಮೇಲೆ ಹೇಳಬೇಕಾದ್ದೇ ಇರುವುದಿಲ್ಲ ಎಂದು ಒಳಗೆ ಒಂದು ದನಿ ಲೆಕ್ಕ ಹಾಕುತ್ತಿತ್ತು. ಆ ದನಿ ಅಮ್ಮನದಾಗಿರಲಿಲ್ಲ. ಅವಳದೇ ಆಗಿತ್ತು, ಚೊಕ್ಕಟವಾಗಿ, ಬಟ್ಟೆ ಅಳೆಯುವಾಗಿನ ದನಿ. ಅದು ಕೇಳಿ ಅವಳಿಗೆ ಎಷ್ಟು ಭಯವಾಯಿತೆಂದರೆ ಕಾಲು ಸಾಲಿನಿಂದ ಈಚೆ ಬಂತು.

"ಸಾಲು ಇದೆ, ಸೆನ್ಯೋರಾ," ಎಂದಳು ಮುಂದಿನವಳು, ಮೊಣಕೈ ಅಡ್ಡ ಇಟ್ಟು. "ನಮಗೇನು ಬೇರೆ ಕೆಲಸ ಇಲ್ವಾ?"

"ಬಿಡಿ," ಎಂದಳು ನೆಲಿದಾ. ಮತ್ತೆ "ಬಿಡ್ರೇ!" ಎಂದು ಕಿರುಚಿ ಆ ಮೊಣಕೈಯನ್ನು ತಳ್ಳಿ ಬಾಗಿಲು ನೂಕಿದಳು. ಒಳಗೆ ಒಬ್ಬಳ ಅಂಗಾಲು ಹಿಡಿದು ಕೂತಿದ್ದ ಡಾಕ್ಟರು ತಲೆಯೆತ್ತಿದ. ನೆಲಿದಾ ಕೆಂಪು ಗೆರೆಯ ಚೀಟಿಯನ್ನು ಅವನ ಮುಖದ ಹತ್ತಿರ ಹಿಡಿದಳು. "ನೆಲಿದಾ ನಾನು. ನೀವು ನೋಡಿದ್ದು ನನ್ನ ತಂಗೀನ. ಅವಳು ನೀರಲ್ಲಿದ್ದಾಳೆ. ಬಿಸಿ ಬುಗ್ಗೆ ಹತ್ರ."

ಅವನು ಚೀಟಿ ನೋಡಿದ, ಅವಳ ಗದ್ದದ ಗುಳಿ ನೋಡಿದ, ಹಿಡಿದಿದ್ದ ಕಾಲು ಬಿಟ್ಟು ಓಡಿದ.

ಆಮೇಲಿನದು ತುಂಡುತುಂಡಾಗಿ ಕಂಡಿತು. ಬಿಟ್ಟೂ ಬಿಡದೆ ಊದುತ್ತಿದ್ದ ಸೀಟಿ. ಬಟ್ಟೆ ಸಮೇತ ನೀರಿಗಿಳಿದ ಎಪಿಫಾನಿಯಾ. "ಈಗಷ್ಟೇ ಮಾತಾಡ್ತಿದ್ಲು, ನನ್ನಾಣೆ ಮಾತಾಡ್ತಿದ್ಲು," ಎಂದು ಅಳುವ ದನಿಯಲ್ಲಿ ಹೇಳುತ್ತಿದ್ದ ಸೆವೆರೀನೊ. ನಾಲ್ಕು ಜನ ಎಳೆದು ಹಾಕಿದ ತಂಗಿಯ ಮೈ, ಅದರ ಮೇಲಿಂದ ಏಳುತ್ತಿದ್ದ ಹಬೆ. ಕಣ್ಣು ಅರ್ಧ ತೆರೆದಿತ್ತು. ಹೋಯಿತು ಅಂದುಕೊಂಡಳು ನೆಲಿದಾ. ಆಗ ದೆಲ್ಫೀನಾ ಪಕ್ಕಕ್ಕೆ ಹೊರಳಿ ಬೆಳಗಿನ ಕಾಫಿಯನ್ನೆಲ್ಲ ಡಾಕ್ಟರ ಶೂ ಮೇಲೆ ಕಕ್ಕಿ, "ಯಾರೋ ನನ್ನ ಟೋಪಿ ಎಳೆದಿದ್ದು?" ಅಂದಳು.

ಕೋಣೆಯ ಮಂಚದ ಮೇಲೆ ಅವಳನ್ನು ದುಪ್ಪಟಿಯಲ್ಲಿ ಸುತ್ತಿ ಮಲಗಿಸಿದರು. ಒಂದು ತೋಳಿಗೆ ರಕ್ತದೊತ್ತಡದ ಪಟ್ಟಿ. ಆಂಬುಲೆನ್ಸಿಗೆ ಫೋನು ಹೋಗಿತ್ತು. ಡಾಕ್ಟರು ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದ. "ಇನ್ನು ಐದು ನಿಮಿಷ ಅಲ್ಲಿದ್ದಿದ್ರೆ..." ಎಂದು ನಿಲ್ಲಿಸಿ, ನೆಲಿದಾಳ ಕಡೆ ತಿರುಗಿದ. "ನಿಮ್ಮ ಬದಲು ಇವರನ್ನ ಯಾಕಮ್ಮ ಕಳಿಸಿದ್ರಿ?"

"ಅವಳ ಕಾಲಿಗೆ ಫಂಗಸ್ ಡಾಕ್ಟ್ರೇ," ಎಂದಳು ದೆಲ್ಫೀನಾ ಕಣ್ಣು ಮುಚ್ಚಿಕೊಂಡೇ. "ಬೈಬೇಡಿ. ನಾಚಿಕೆ ಸ್ವಭಾವ. ನಾನೇ ಹೋಗ್ತೀನಿ ಅಂದಿದ್ದು."

"ತೋರಿಸಿ."

ನೆಲಿದಾ ಕುರ್ಚಿಯ ಮೇಲೆ ಕೂತು ಒದ್ದೆಯಾದ ಶೂ ಬಿಚ್ಚಿದಳು, ಕಾಲುಚೀಲ ಎಳೆದಳು. ಹತ್ತು ಬೆರಳು, ಬೆಳ್ಳಗೆ, ನೇರ ಕತ್ತರಿಸಿದ ಉಗುರು. ಡಾಕ್ಟರು ಸಂದಿ ಬಿಡಿಸಿ ನೋಡಿದ. "ಏನೂ ಇಲ್ವಲ್ಲ. ನನಗಿಂತ ಚೆನ್ನಾಗಿದೆ ನಿಮ್ಮ ಕಾಲು," ಎಂದ. ಅವನಿಗೂ ಇದೊಂದು ಮುಗಿದರೆ ಸಾಕಾಗಿತ್ತು. ಮೇಜಿನ ಮೇಲಿಂದ ಠಸ್ಸೆ ಎತ್ತಿಕೊಂಡ. "ಸುಮ್ನೆ ಹೆದರಿದ್ದೀರ. ಆಯ್ತು, ನಿಮ್ಮದೇನಿಲ್ಲ, ತಂಗಿ ಜೊತೆ ಆಸ್ಪತ್ರೆಗೆ ಹೋಗಿ."

ಬಾಗಿಲು ತೆರೆದಿತ್ತು. ಶೂ ಹಾಕಿಕೊಂಡು ಎದ್ದರೆ ಮುಗಿಯಿತು. ನೆಲಿದಾ ಒಂದು ಕಾಲುಚೀಲ ಹಾಕಿಕೊಂಡಳು. ತಲೆ ಎತ್ತಿದಾಗ ದೆಲ್ಫೀನಾ ಕಣ್ಣು ಬಿಟ್ಟಿದ್ದಳು. ಅವಳು ಅಕ್ಕನ ಬರಿಗಾಲನ್ನೇ ನೋಡುತ್ತಿದ್ದಳು.

"ಕಾಲಲ್ಲ ಅಂದ್ರೆ ಇನ್ನೇನೇ?"

ದೆಲ್ಫೀನಾಳ ಕಣ್ಣು ಕಾಲಿನಿಂದ ಮೇಲೆ ಬಂತು, ಮಂಡಿಗೆ, ಮಡಿಲಿಗೆ, ಪಕ್ಕೆಗೆ ಅಂಟಿಕೊಂಡಿದ್ದ ಎಡತೋಳಿಗೆ. ಅಲ್ಲಿಂದ ಮುಂದೆ ಹೋಗಲಿಲ್ಲ. "ಇಲ್ಲಿ ಬಾ," ಎಂದಳು. ನೆಲಿದಾ ಒಂದು ಕಾಲಲ್ಲಿ ಚೀಲ, ಒಂದು ಬರಿಗಾಲು, ಎದ್ದು ಹೋದಳು. ದೆಲ್ಫೀನಾ ದುಪ್ಪಟಿಯಿಂದ ಕೈ ಹೊರತೆಗೆದು ಅಕ್ಕನ ಸ್ವೆಟರಿನೊಳಗೆ, ನಿಲುವಂಗಿಯೊಳಗೆ ತೂರಿಸಿದಳು. ಹುಡುಕಲಿಲ್ಲ. ನೀರಿನಲ್ಲಿ ನೆನೆದು ಸುಕ್ಕಾಗಿದ್ದ ಬೆರಳುಗಳು ನೆಟ್ಟಗೆ ಅಲ್ಲಿಗೇ ಹೋಗಿ ನಿಂತವು.

"ಅಮ್ಮಂಗೂ ಇಲ್ಲೇ ಇತ್ತು," ಎಂದಳು.

"ನಿಂಗೆ ಗೊತ್ತಿತ್ತಾ?"

"ಕೊನೇ ವರ್ಷ ಅವಳಿಗೆ ಸ್ನಾನ ಮಾಡಿಸ್ತಿದ್ದಿದ್ದು ಯಾರು ಅಂದ್ಕೊಂಡಿದ್ದೀಯ? ನೆಲಿಗೆ ಹೇಳ್ಬೇಡ, ಅವಳು ತಡ್ಕೊಳಲ್ಲ ಅಂದಿದ್ಲು."

ಹೊರಗೆ ಸಾಲಿನಲ್ಲಿದ್ದವರು ಬಾಗಿಲಿಂದ ಇಣುಕುತ್ತಿದ್ದರು. ಡಾಕ್ಟರು ಎದ್ದು ಬಾಗಿಲು ಹಾಕಿ ಬಂದ. ತಂಗಿಯ ಬೆರಳ ತುದಿಯಲ್ಲಿ ನಾಡಿ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅದು ನೆಲಿದಾಳಿಗೆ ಗಂಟಿನ ಮೇಲೇ ತಿಳಿಯುತ್ತಿತ್ತು. ನಿಂತಾಗಲೆಲ್ಲ ಅವಳೂ ಉಸಿರು ಹಿಡಿಯುತ್ತಿದ್ದಳು.

"ಯಾವಾಗಿನಿಂದ ಇದೆ?" ಎಂದು ಕೇಳಿದ ಡಾಕ್ಟರು, ಮೆಲ್ಲಗೆ.

ಹೋದ ವಾರದಿಂದ ಎನ್ನುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ದೆಲ್ಫೀನಾ ಬೆರಳು ತೆಗೆಯಲಿಲ್ಲ.

"ಫೆಬ್ರವರಿ, ಕಾರ್ನಿವಲ್ ಹಬ್ಬದ ಸೋಮವಾರದಿಂದ," ಎಂದಳು ನೆಲಿದಾ. "ಬೆಳಿಗ್ಗೆ. ಬಟ್ಟೆ ಹಾಕ್ಕೋತಿದ್ದೆ."